ಮೌನಿಯ ಪುಸ್ತಕದಲ್ಲಿ ಏಳು ಗುರುವಾರ

ಕೊನೆಯ ನೆಂಟರೂ ಹೊರಟುಹೋದ ಮರುದಿನ ಆರು ಗಂಟೆಗೆ ಎಂದಿನಂತೆ ನಲ್ಲಿಯಲ್ಲಿ ನೀರು ಬಂತು. ಸೊಸೆ ಎದ್ದು ಕೊಡ ಇಟ್ಟಳು. ಚಹಾ ಸೋಸಿ ಅತ್ತೆಗೊಂದು ಲೋಟ ಕೊಟ್ಟಳು. ಗಂಡ ತೀರಿಕೊಂಡ ಮೇಲೆ ಆ ಮನೆಯಲ್ಲಿ ಯಾರೂ ಅಳದ ಮೊದಲ ಬೆಳಗು ಅದು.

ಗಂಡ ಲೇತ್ ಯಂತ್ರದ ಕೆಲಸಗಾರ. ವಯಸ್ಸು ಮೂವತ್ತನಾಲ್ಕು. ಹಿಂದಿನ ವಾರ ಮಂಗಳವಾರ ಯಂತ್ರದ ಪಕ್ಕದಲ್ಲೇ ಕುಸಿದುಬಿದ್ದಿದ್ದ.

“ಸರ್ಕಾರಿ ಆಸ್ಪತ್ರೆ ನನ್ನ ಮಗನ್ನ ನುಂಗಿಬಿಡ್ತು,” ಎಂದರು ಅತ್ತೆ, ಚಹಾ ಕುಡಿಯದೆ. “ಮೂರು ತಿಂಗಳು ಅಲೆದ. ಒಬ್ಬರಾದ್ರೂ ನಿನ್ನ ಮೈ ಹೀಗಿದೆಯಪ್ಪಾ ಅಂತ ಹೇಳಿದ್ರಾ? ನಾನು ಸಾಯೋ ಹಾಗಾದ್ರೂ ಆ ಗೇಟು ದಾಟಲ್ಲ.”

ಸೊಸೆ ಚಹಾ ಪಾತ್ರೆ ತೊಳೆಯಲು ಎತ್ತಿಕೊಂಡಳು. ಅವಳಿಗೂ ಹಾಗೇ ಅನ್ನಿಸಿತ್ತು.

ಅಷ್ಟರಲ್ಲಿ ಪಕ್ಕದ ಮನೆಯ ವೆಲ್ಡರ್‌ನ ಹೆಂಡತಿ ಬಂದು ಹೊಸ್ತಿಲಾಚೆಯೇ ನಿಂತಳು. ವೆಲ್ಡರ್‌ಗೆ ಬೀದಿಯವರು ಇಟ್ಟ ಹೆಸರು ಮೌನಿ. ಅವನು ಬಾಯಿ ತೆರೆದರೆ ಬೀದಿಯ ಆ ತುದಿಯಲ್ಲಿ ಮಲಗಿದ ಮಗು ಎದ್ದು ಕೂರುತ್ತಿತ್ತು, ಅದಕ್ಕೇ.

“ಹೇಗೆ ಕೇಳೋದೋ ಗೊತ್ತಾಗ್ತಿಲ್ಲ ಕಣೇ. ಇಂಥ ಹೊತ್ತಲ್ಲಿ...”

“ಹೇಳಿ ಅಕ್ಕ.”

“ನಮ್ಮವರ ಬಿಪಿ ಪುಸ್ತಕ ನಿಮ್ಮಲ್ಲೇ ಇದೆ. ನಾಳೆ ಗುರುವಾರ. ಎರಡೇ ಮಾತ್ರೆ ಉಳಿದಿರೋದು. ಮೊನ್ನೆ ಏಣಿ ಮೇಲೆ ತಲೆ ಸುತ್ತಿ ಬೀಳೋದ್ರಲ್ಲಿದ್ರು. ಬಿಪಿ ಏರಿದೆ, ನಾಳೆ ಮಾತ್ರೆ ಇನ್ನೂ ಜಾಸ್ತಿ ಬರೆಸ್ಕೋತೀನಿ ಅಂತ ಕೂತಿದಾರೆ.”

ಸೊಸೆ ಗಂಡನ ಪೆಟ್ಟಿಗೆಯಲ್ಲಿ ಹುಡುಕಿದಳು. ನೀಲಿ ರಟ್ಟಿನ ಚಿಕ್ಕ ಪುಸ್ತಕ. ರಕ್ತದೊತ್ತಡ ಇರುವವರಿಗೆ ಆಸ್ಪತ್ರೆಯವರು ಕೊಡುವಂಥದ್ದು. ಪ್ರತಿ ಭೇಟಿಯಲ್ಲೂ ಬಿಪಿ ಎಷ್ಟು, ಯಾವ ಮಾತ್ರೆ ಎಂದು ಅದರಲ್ಲಿ ಬರೆಯುತ್ತಾರೆ. ಹೆಸರು ವೆಲ್ಡರ್‌ನದು. ಫೋನ್ ನಂಬರೂ ಅವನದೇ. ಫೋಟೋ ಅಂಟಿಸುವ ಚೌಕ ಖಾಲಿ.

ಅದನ್ನು ಕೊಡಲು ಹೊರಗೆ ಬಂದಾಗ ಬೀದಿಯಲ್ಲಿ ಒಬ್ಬ ಹೆಂಗಸು ಚೀಟಿ ಹಿಡಿದು ಬಾಗಿಲು ಬಾಗಿಲು ನೋಡುತ್ತ ಬರುತ್ತಿದ್ದಳು. ಆಸ್ಪತ್ರೆಯಿಂದ ಮನೆಮನೆಗೆ ಬರುವ ಸಿಸ್ಟರ್. ವೆಲ್ಡರ್‌ನ ಮನೆ ಕೇಳಿದಳು. ಅವನೇ ಬನಿಯನ್ನಿನಲ್ಲಿ ಹೊರಗೆ ಬಂದ.

ಸಿಸ್ಟರ್ ಅವನನ್ನು ಮೇಲಿಂದ ಕೆಳಗೆ ನೋಡಿದಳು. “ನೀವೇನಾ? ಬದುಕಿದ್ದೀರಾ?”

“ಬೆಳಬೆಳಿಗ್ಗೆ ಒಳ್ಳೇ ಮಾತು ಆಡ್ತೀರಲ್ಲ ಸಿಸ್ಟರ್!”

“ಇನ್ನೇನು ಆಡ್ಲಿ? ಹೋದ ಸಲ ರಕ್ತ ಕೊಟ್ರಲ್ಲ, ಅದರಲ್ಲಿ ಕಿಡ್ನಿ ಸೋತುಹೋಗಿದೆ ಅಂತ ಬಂದಿದೆ. ಈ ಮಾತ್ರೆ ಇವತ್ತೇ ನಿಲ್ಲಿಸಿ, ಕೂಡಲೇ ಬಂದು ಅಡ್ಮಿಟ್ ಆಗಿ ಅಂತ ಹೋದ ವಾರಕ್ಕೂ ಹಿಂದಿನ ಶುಕ್ರವಾರ ಫೋನ್ ಮಾಡಿದೆ. ಶನಿವಾರ ಮಾಡಿದೆ. ಹೋದ ಸೋಮವಾರವೂ ಮಾಡಿದೆ. ನಾನು ಕಲ್ಲುಗುಂಡಿನ ಹಾಗಿದೀನಿ, ನಿಮಗೆ ಬೇರೆ ಕೆಲಸ ಇಲ್ವಾ ಅಂದ್ರಿ.”

ಸೊಸೆಯ ಕೈಯಲ್ಲಿ ಪುಸ್ತಕ ಹಾಗೇ ಇತ್ತು. ಆಸ್ಪತ್ರೆಗೆ ಹೋದ ಆ ಕೊನೆಯ ಗುರುವಾರ ಗಂಡ ಮನೆಗೆ ಬಂದಾಗ ಮೊಣಕೈ ಒಳಗೆ ಹತ್ತಿ ಅಂಟಿಸಿದ್ದರು. ಅದನ್ನು ಕಿತ್ತು ಬಿಸಾಡಿದವಳು ಅವಳೇ.

“ಆ ರಕ್ತ ಇವರದಲ್ಲ,” ಎಂದಳು. “ನಮ್ಮವರದು. ಅವರು ಹೋಗಿ ಎಂಟು ದಿನ ಆಯ್ತು.”

ಸಿಸ್ಟರ್ ಅಲ್ಲೇ ಜಗಲಿಯ ಮೇಲೆ ಕೂತುಬಿಟ್ಟಳು.

ಆಮೇಲೆ ಎಲ್ಲ ಹೊರಬಂತು. ಗಂಡ ಮತ್ತು ಮೌನಿ ಗೆಳೆಯರು, ಇಬ್ಬರಿಗೂ ಬಿಪಿ. ಇದ್ದದ್ದು ಒಂದೇ ಪುಸ್ತಕ. ಮೌನಿಗೆ ಸಾಲಿನಲ್ಲಿ ನಿಲ್ಲಲು ಬೇಜಾರು. ಹಾಗಾಗಿ ಹದಿನೈದು ದಿನಕ್ಕೊಮ್ಮೆ ಗೆಳೆಯನೇ ಹೋಗುತ್ತಿದ್ದ, ಮೌನಿಯ ಹೆಸರು ಕರೆದಾಗ ಎದ್ದು ನಿಲ್ಲುತ್ತಿದ್ದ. ದಿನಕ್ಕೆರಡು ಮಾತ್ರೆ ಬರೆಯುತ್ತಿದ್ದರು. ಬೆಳಗಿನದು ಇವನಿಗೆ, ಸಂಜೆಯದು ಅವನಿಗೆ. ಬಿಪಿ ಇಳಿಯುತ್ತಿಲ್ಲವೆಂದು ಡಾಕ್ಟರು ಮಾತ್ರೆಯ ಬಲ ಹೆಚ್ಚಿಸಿದರು. ಹೆಚ್ಚಿಸಿದ್ದನ್ನೂ ಇಬ್ಬರೂ ನಗುನಗುತ್ತ ಹಂಚಿಕೊಂಡರು. ಏಣಿ ಮೇಲೆ ತಲೆ ಸುತ್ತಿದ್ದನ್ನೂ ಮೌನಿಯ ಹೆಂಡತಿ ಹೇಳಿದಳು.

“ಇದೇನು ಕಡ್ಲೆಬೀಜ ಅಂದ್ಕೊಂಡ್ರಾ ಹಂಚ್ಕೊಂಡು ತಿನ್ನೋಕೆ?” ಸಿಸ್ಟರ್‌ಗೆ ಸಿಟ್ಟು ಬಂತು. ಮರುಕ್ಷಣವೇ ಇಳಿಯಿತು. “ಫೋನಲ್ಲಿ ಯಾಕ್ರೀ ಹೇಳ್ಲಿಲ್ಲ, ಅದು ನಾನಲ್ಲ ಅಂತ?”

ಮೌನಿ ನೆಲ ನೋಡುತ್ತಿದ್ದ. “ಹೇಳಿದ್ರೆ ಪುಸ್ತಕ ಕಿತ್ಕೋತಾರೆ ಅಂದ್ಕೊಂಡೆ. ಅವನಿಗೆ ಹೇಳ್ದೆ ಸಿಸ್ಟರ್. ಆಸ್ಪತ್ರೆಯವರು ನಿನ್ನ ಮೇಲೆ ಮನಸ್ಸಿಟ್ಟಿದಾರೆ ಕಣೋ, ಒಂದು ಸಲ ಹೋಗ್ಬಾ ಅಂತ ತಮಾಷೆ ಮಾಡ್ದೆ. ಗುರುವಾರ ಹೋಗ್ತೀನಿ ಬಿಡು ಅಂದ. ಮಾತ್ರೆ ನಿಲ್ಲಿಸ್ಬೇಕಂತೆ ಅನ್ನೋದನ್ನ... ಅದನ್ನ ಹೇಳ್ಲಿಲ್ಲ.”

“ಪಾಪಿ!” ಅತ್ತೆ ಒಳಗಿಂದ ಎದ್ದು ಬಂದರು. “ಊರಿಗೆಲ್ಲ ಕೇಳೋ ಹಾಗೆ ಕೂಗ್ತೀಯ. ನನ್ನ ಮಗನ ಕಿವಿಗೆ ಒಂದು ಮಾತು ಹಾಕೋಕೆ ಆಗ್ಲಿಲ್ವೇನೋ?”

“ಅತ್ತೆ, ಅವರೊಬ್ಬರನ್ನೇ ಅನ್ನಬೇಡಿ. ಪುಸ್ತಕ ತಗೊಂಡು ಹೋಗಿ ಅಂದಿದ್ದು ನಾನು.”

ಅವಳು ನಿಂತೇ ಹೇಳಿದಳು. ಗಂಡ ಸ್ವಂತ ಪುಸ್ತಕಕ್ಕೆ ಎರಡು ಸಲ ಹೋಗಿದ್ದ. ಮೊದಲ ಸಲ ಏಳು ಗಂಟೆಯಿಂದ ನಿಂತ. ಹನ್ನೊಂದಕ್ಕೆ ಇವನ ಮುಂದೆ ಇಬ್ಬರಿರುವಾಗ ಕಿಟಕಿ ಮುಚ್ಚಿದರು. ಎರಡನೇ ಸಲ ವಿಳಾಸ ಹಳೆಯದೆಂದು ಕಾಗದಗಳನ್ನು ಹಿಂದಕ್ಕೆ ತಳ್ಳಿದರು. ಯಾವ ಕಾಗದ ತರಬೇಕು ಎಂದು ಕೇಳಿದ್ದಕ್ಕೆ ಬೋರ್ಡು ನೋಡು ಎಂದರು. ಅಲ್ಲಿ ಬೋರ್ಡೇ ಇರಲಿಲ್ಲ.

“ಈ ಬೀದಿಯವರಿಗೆಲ್ಲ ಅರ್ಜಿ ತುಂಬಿಕೊಡೋಳು ನಾನು. ಅವತ್ತು ಅವರ ಜೊತೆ ಹೋಗಬಹುದಿತ್ತು. ಯಾರು ಮುಖ ನೋಡ್ತಾರೆ, ಪಕ್ಕದ್ಮನೆ ಅಣ್ಣನ ಪುಸ್ತಕ ತಗೊಂಡು ಹೋಗಿ ಅಂದುಬಿಟ್ಟೆ. ಕೊನೇ ದಿನ ತುರ್ತು ವಾರ್ಡಲ್ಲಿ ಡಾಕ್ಟರು ಕೇಳಿದರು, ಯಾವುದಾದರೂ ಮಾತ್ರೆ ತಗೋತಿದ್ರಾ ಅಂತ. ಸಿಕ್ಕಿಬೀಳ್ತೀವಿ ಅನ್ನೋ ಹೆದರಿಕೇಲಿ ಇಲ್ಲ ಅಂದೆ.”

ಆ ಡಾಕ್ಟರು ಇವಳಿಗಿಂತ ಚಿಕ್ಕವಳು. ಅರ್ಧ ಗಂಟೆ ಬಿಡದೆ ಅವನ ಎದೆ ಒತ್ತಿದ್ದಳು. ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕುತ್ತಿತ್ತು. ಆಮೇಲೆ ಗೋಡೆಯ ಕಡೆ ತಿರುಗಿ ನಿಂತಿದ್ದಳು.

“ನಿಜ ಹೇಳಿದ್ದರೆ ಉಳೀತಿದ್ರಾ ಸಿಸ್ಟರ್?”

“ಗೊತ್ತಿಲ್ಲಮ್ಮ,” ಎಂದಳು ಸಿಸ್ಟರ್. “ಉಳೀತಿರಲಿಲ್ಲ ಅಂತ ನಿಮ್ಮ ಸಮಾಧಾನಕ್ಕೆ ಹೇಳಲಾರೆ. ನಾನೂ ಸೋಮವಾರ ಫೋನ್ ಇಟ್ಟು ಬಂದು ಬಾಗಿಲು ತಟ್ಟಬೇಕಿತ್ತು. ಎಂಟುನೂರು ಮನೆಗೆ ಒಬ್ಬಳೇ ನಾನು. ಫೋನ್ ಮಾಡಿದೆನಲ್ಲ ಅಂತ ಸುಮ್ಮನಾದೆ.” ಆಮೇಲೆ ಮೌನಿಯ ಕಡೆ ತಿರುಗಿದಳು. “ಈಗ ನಿಮ್ಮ ವಿಷಯ. ಈ ಪುಸ್ತಕದಲ್ಲಿರೋದು ನಿಮ್ಮ ಬಿಪಿ ಅಲ್ಲ. ಇದನ್ನ ನಂಬಿ ನಾಳೆ ಮಾತ್ರೆ ಕೊಟ್ರೆ ಏಣಿ ಮೇಲಿಂದ ನೇರ ಕೆಳಗೆ ಬರ್ತೀರಿ. ಬಂದು ಇದ್ದದ್ದು ಇದ್ದ ಹಾಗೆ ಹೇಳಿ.”

“ಪೊಲೀಸರಿಗೆ ಕೊಟ್ರೆ? ಎಲ್ಲರೆದುರು ಮರ್ಯಾದೆ ತೆಗೆದ್ರೆ? ಬೇಡ ಸಿಸ್ಟರ್, ಮಾತ್ರೇನೇ ಬಿಟ್ಬಿಡ್ತೀನಿ.”

“ಬಿಟ್ರೆ ಅದು ಇನ್ನೊಂದು ಕೇಡು. ಬೈತಾರೆ. ಬೈಸ್ಕೊಳ್ಳಿ.”

ಅವನು ಒಪ್ಪದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಸೊಸೆ ಪುಸ್ತಕವನ್ನು ಅವನ ಹೆಂಡತಿಗೆ ಕೊಡಲಿಲ್ಲ. ಇಡೀ ದಿನ ಅವಳಿಗೆ ಅವನ ಮೇಲೆ ಕೋಪವಿತ್ತು. ಸಂಜೆ ಅವನ ಮನೆಯಿಂದ ಕೆಮ್ಮು ಕೇಳಿಸಿತು, ಮಕ್ಕಳ ಜಗಳ ಕೇಳಿಸಿತು. ಅವನು ಬಿದ್ದರೆ ಆ ಮನೆಯೂ ಈ ಮನೆಯಂತೆಯೇ ಆಗುತ್ತದೆ ಎಂಬುದು ಅವಳಿಗೆ ಹೊಳೆಯಿತು. ಅಷ್ಟೇ.

ಮರುದಿನ ಆರೂವರೆಗೆ ಅವನ ಬಾಗಿಲು ತಟ್ಟಿದಳು. “ಅಣ್ಣ, ಅಂಗಿ ಹಾಕ್ಕೊಳ್ಳಿ. ಮಾತಾಡೋಳು ನಾನು. ನೀವು ಬರೀ ಕೈ ಚಾಚಿ, ಬಿಪಿ ನೋಡ್ತಾರೆ.”

ಅವನು ಅವಳ ಮುಖ ನೋಡಿದ, ಒಳಗೆ ಹೋಗಿ ಅಂಗಿ ಹಾಕಿಕೊಂಡು ಬಂದ.

ಆಸ್ಪತ್ರೆಯ ಕಿಟಕಿಯಲ್ಲಿ ಸೊಸೆ ಎಲ್ಲ ಹೇಳಿದಾಗ ಗುಮಾಸ್ತ ಬೈದ. ಇದೇನು ಬಸ್ ಪಾಸಾ ಎಂದು ಕೇಳಿದ. ಸಾಲಿನಲ್ಲಿದ್ದವರು ತಿರುಗಿ ನೋಡಿದರು. ಸೊಸೆ ಬೈಗುಳ ಮುಗಿಯುವವರೆಗೆ ನಿಂತಿದ್ದು, “ಈ ಕಿಟಕಿಯಿಂದ ಎರಡು ಸಲ ಬರಿಗೈಲಿ ಕಳಿಸಿದ್ದಕ್ಕೆ ಹೀಗಾಯ್ತು. ಅದನ್ನೂ ದೂರಿನ ಪುಸ್ತಕದಲ್ಲಿ ಬರೀತೀನಿ, ಕೊಡಿ,” ಎಂದಳು. ಅವನು ದೂರಿನ ಪುಸ್ತಕ ತೆಗೆದುಕೊಟ್ಟ. ಒಳಗೆ ಸಿಸ್ಟರ್ ಆಗಲೇ ಡಾಕ್ಟರಿಗೆ ಹೇಳಿಟ್ಟಿದ್ದಳು. ಪೊಲೀಸರನ್ನು ಯಾರೂ ಕರೆಯಲಿಲ್ಲ.

ಡಾಕ್ಟರು ಮೌನಿಯ ಬಿಪಿ ಎರಡು ಸಲ ನೋಡಿದರು. ಇರಬೇಕಾದದ್ದಕ್ಕಿಂತ ತೀರ ಕೆಳಗಿತ್ತು. “ಇನ್ನು ನಾಲ್ಕು ದಿನ ಏಣಿ ಹತ್ತಬೇಡಿ,” ಎಂದು ಮಾತ್ರೆಯನ್ನು ಅರ್ಧಕ್ಕಿಂತ ಕಡಿಮೆ ಮಾಡಿ ಹೊಸದಾಗಿ ರಕ್ತ ಪರೀಕ್ಷೆಗೆ ಬರೆದರು. ಆಮೇಲೆ ಪುಸ್ತಕ ತೆರೆದು ಸೊಸೆಯ ಕಡೆ ಸರಿಸಿದರು. “ಇದರಲ್ಲಿ ನಿಮ್ಮ ಯಜಮಾನರದು ಯಾವುದು?”

ಅವಳು ಪೆನ್ಸಿಲ್ ತೆಗೆದುಕೊಂಡು ಒಂದೊಂದೇ ತಾರೀಖಿಗೆ ಗುರುತು ಹಾಕಿದಳು. ಅವನು ನೀಲಿ ಅಂಗಿ ಹಾಕಿಕೊಂಡು ಹೋದದ್ದು. ಬಸ್ಸು ಸಿಗದೆ ನಡೆದು ಬಂದದ್ದು. ಮಾತ್ರೆ ತಂದು, ಇನ್ನೇನು ಸರಿಹೋಗ್ತೀನಿ ಬಿಡು ಎಂದದ್ದು. ಒಟ್ಟು ಏಳು ಗುರುವಾರ. ಡಾಕ್ಟರು ಅವನ್ನು ಒಂದು ಬಿಡಿ ಹಾಳೆಗೆ ನಕಲು ಮಾಡಿ, ಮೇಲೆ ಅವನ ಹೆಸರು ಬರೆದರು. ಪುಸ್ತಕದಲ್ಲಿ ಏಳಕ್ಕೂ ಕೆಂಪು ಗೆರೆ ಎಳೆದು ‘ಬೇರೆಯವರದು’ ಎಂದು ಸಹಿ ಮಾಡಿದರು. ಕೊನೆಯ ದಿನದ ತುರ್ತು ಚೀಟಿ ಬಿಟ್ಟರೆ ಅವನ ಹೆಸರಿನಲ್ಲಿ ಆಸ್ಪತ್ರೆಯಲ್ಲಿ ತೆರೆದ ಮೊದಲ ಹಾಳೆ ಆ ಬಿಡಿ ಹಾಳೆಯೇ.

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಇದ್ದರು. ಎಲ್ಲ ಕೇಳಿದರು. “ನನ್ನ ಬಿಪಿನೂ ನೋಡಿಸು, ನನಗೂ ಒಂದು ಪುಸ್ತಕ ಬರೆಸು,” ಎಂದರು. “ನೀನೂ ಜೊತೇಲಿ ಬಾ.”

ಸೊಸೆ ನೀಲಿ ಪುಸ್ತಕವನ್ನು ಮೌನಿಗೆ ಕೊಟ್ಟಳು. “ತಗೊಳ್ಳಿ ಅಣ್ಣ. ಅವರು ನಿಮ್ಮಿಂದ ಇಸ್ಕೊಂಡಿದ್ದು.” ಅವನು ಎರಡೂ ಕೈಯಲ್ಲಿ ತೆಗೆದುಕೊಂಡ.

ಇದನ್ನು ಓದುತ್ತಿರುವವರೇ, ಓದಿಸಿ ಕೇಳುತ್ತಿರುವವರೇ, ನಿಮ್ಮ ಆಸ್ಪತ್ರೆಯ ಪುಸ್ತಕವನ್ನು ಎಷ್ಟೇ ಬೇಕಾದವರಿಗೂ ಕೊಡಬೇಡಿ, ಬೇರೆಯವರದನ್ನು ತರಬೇಡಿ. ಒಬ್ಬರಿಗೆ ಬರೆದ ಮಾತ್ರೆಯನ್ನು ಇನ್ನೊಬ್ಬರು ನುಂಗಬೇಡಿ. ಈಗಾಗಲೇ ಹಾಗೆ ಮಾಡಿದ್ದರೆ ಇವತ್ತೇ ಹೋಗಿ ಹೇಳಿ. ಬೈಗುಳ ಒಂದು ಗಂಟೆಯಲ್ಲಿ ಮುಗಿಯುತ್ತದೆ. ಆಸ್ಪತ್ರೆಯಿಂದ ಫೋನ್ ಬಂದರೆ ಪೂರ್ತಿ ಕೇಳಿ, ಯಾರಿಗೆ ಸೇರಬೇಕೋ ಅವರಿಗೆ ಪೂರ್ತಿ ಮುಟ್ಟಿಸಿ. ತುರ್ತು ವಾರ್ಡಿನಲ್ಲಿ ಡಾಕ್ಟರು ಕೇಳಿದಾಗ ಏನನ್ನೂ ಮುಚ್ಚಿಡಬೇಡಿ. ಕಿಟಕಿ ಮುಚ್ಚಿದರೆ ದೂರು ಬರೆಯಿರಿ, ಮರುದಿನ ಮತ್ತೆ ಹೋಗಿ, ಒಬ್ಬರೇ ಹೋಗಬೇಡಿ. ಅರ್ಜಿ ತುಂಬಲು ಬಾರದಿದ್ದರೆ ಬಲ್ಲವರನ್ನು ಕೇಳಿ. ಬಲ್ಲವರು ನೀವೇ ಆಗಿದ್ದರೆ, ಮೊದಲು ನಿಮ್ಮ ಮನೆಯವರದನ್ನು ತುಂಬಿ.