ವನಮಾಲೆಯ ಕಾರು

ಕಾರಿನ ಒಳಗನ್ನಡಿಯಲ್ಲಿ ನನಗೆ ಮೊದಲು ಕಾಣುತ್ತಿದ್ದುದು ನನ್ನ ಹೆಂಡತಿಯ ಕೈ. ವನಮಾಲೆ ಹಿಂದಿನ ಸೀಟಿನಲ್ಲಿ ಬೆನ್ನಿಗೆ ದಿಂಬು ಕೊಟ್ಟು ಕುಳಿತು, ಕಿಟಕಿಯ ಮೇಲಿನ ಹಿಡಿಕೆಯನ್ನು ಬಿಗಿಯಾಗಿ ಹಿಡಿದಿರುತ್ತಿದ್ದಳು. ಚಕ್ರ ಗುಂಡಿಗೆ ಇಳಿದಾಗಲೆಲ್ಲ ಆ ಕೈಯ ನರಗಳು ಎದ್ದು ಕಾಣುತ್ತಿದ್ದವು. ಅವಳು ಏನೂ ಅನ್ನುತ್ತಿರಲಿಲ್ಲ. ಅನ್ನದಿರುವುದೇ ನನಗೆ ಸಂಕಟವಾಗಿತ್ತು.

ಬೆನ್ನುಮೂಳೆಗೆ ಶಸ್ತ್ರಚಿಕಿತ್ಸೆಯಾದ ಮೇಲೆ ಅವಳನ್ನು ವಾರಕ್ಕೊಮ್ಮೆ ಹೊಳೆಯಾಚೆಯ ಆಸ್ಪತ್ರೆಗೆ ವ್ಯಾಯಾಮಕ್ಕೆಂದು ಕರೆದೊಯ್ಯಬೇಕಿತ್ತು. ಹಳೆಯ ಕಾರು; ಅವಳ ಸೋದರಮಾವ ಬಳಸಿ ಅವಳಿಗೇ ಕೊಟ್ಟದ್ದು. ಕಾಯಿಲೆಗೆ ಮುಂಚೆ ಅವಳೇ ಅದನ್ನು ಓಡಿಸಿಕೊಂಡು ಪಾಠ ಹೇಳಲು ಶಾಲೆಗೆ ಹೋಗುತ್ತಿದ್ದಳು. ಈಗ ಸ್ಟೀರಿಂಗು ನನ್ನ ಕೈಗೆ ಬಂದಿತ್ತು. ಮನೆಯಲ್ಲಂತೂ ನನಗೆ ಕುಳಿತಲ್ಲಿ ಕೂರಲಾಗುತ್ತಿರಲಿಲ್ಲ. ಅವಳು ಮಲಗಿದ್ದರೆ ಎದ್ದಳೇನೋ ಎಂದು, ಎದ್ದರೆ ಎಲ್ಲಿ ಬೀಳುತ್ತಾಳೋ ಎಂದು ಕೋಣೆಯಿಂದ ಕೋಣೆಗೆ ಸುತ್ತುತ್ತಿದ್ದೆ. ಅವಳ ಬೆನ್ನಿಗೆ ನಾನು ಮಾಡಬಹುದಾದದ್ದು ಏನೂ ಇರಲಿಲ್ಲ. ಕಾರಿಗಾದರೆ ಇತ್ತು.

ಮೆಕ್ಯಾನಿಕ್ ಇಮಾಮ್ ಹುಸೇನ್ ಕಾರಿನಡಿಯಿಂದ ತೆವಳಿ ಹೊರಬಂದು ಕೈ ಒರೆಸಿಕೊಂಡ. "ಹಿಂದಿನ ಸ್ಪ್ರಿಂಗಿನ ಕಮಾನು ಪಟ್ಟಿಗಳು ಸೋತು ಹೋಗಿವೆ ಸಾರ್. ಶಾಕ್ ಅಬ್ಸಾರ್ಬರ್ ಎಣ್ಣೆ ಸೋರಿ ಖಾಲಿ. ಇದಕ್ಕೆ ಹೊಸ ಸಾಮಾನು ಬರೋದು ಯಾವತ್ತೋ ನಿಂತು ಹೋಯ್ತು. ಗುಜರೀಲಿ ನೋಡ್ಬೇಕು."

"ಬಳಸಿದ್ದು ಹಾಕಿದ್ರೆ ಮೆತ್ತಗಾಗುತ್ತಾ?"

"ಇದರ ಆಮೇಲೆ ಬಂದ ಮಾಡೆಲ್‌ದು ಸಿಕ್ಕಿದ್ರೆ ಆಗುತ್ತೆ. ರಬ್ಬರ್ ಬುಷ್ ಮಾತ್ರ ಹೊಸದು ಹಾಕೋಣ."

ಆಮೇಲೆ ನನಗೆ ಅದೊಂದೇ ಧ್ಯಾನ. ಸುತ್ತಮುತ್ತಲ ಗುಜರಿ ಅಂಗಳಗಳಲ್ಲೆಲ್ಲ ಬಗ್ಗಿ ಬಗ್ಗಿ ಹುಡುಕಿದೆ. ಕೊನೆಗೊಂದು ಕಡೆ ಮರ ಬಿದ್ದು ನೆತ್ತಿ ಜಜ್ಜಿಹೋದ ಆ ಮಾಡೆಲ್‌ನ ಕಾರು ಸಿಕ್ಕಿತು. ಕೆಳಗಿನ ಭಾಗ ಚೆನ್ನಾಗಿತ್ತು. ಪಟ್ಟಿಗಳನ್ನೂ ಶಾಕ್‌ಗಳನ್ನೂ ಬಿಚ್ಚಿಸಿ ತಂದೆವು. ಪಟ್ಟಿಗಳು ತೀರ ಬಿರುಸು; ಜೋಡಿಸಿದರೆ ಕಾರು ಮೊದಲಿಗಿಂತ ಹೆಚ್ಚು ಎತ್ತಿ ಹಾಕಿತು. ನನ್ನ ಮುಖ ನೋಡಲಾರದೆ ಇಮಾಮ್ ಮತ್ತೆ ಕೆಳಗೆ ನುಗ್ಗಿದ. ಒಂದೊಂದು ಕಡೆಯಿಂದಲೂ ಒಂದೊಂದು ಪಟ್ಟಿ ತೆಗೆದು, ಉಳಿದವುಗಳ ನಡುವೆ ಗ್ರೀಸು ಸವರಿ ಕಟ್ಟಿದ. ಆಮೇಲೆ ಅವನು ಓಡಿಸಿದ. ನಾನು ಹಿಂದಿನ ಸೀಟಿನಲ್ಲಿ ಕುಳಿತೆ. ಸಂತೆಬೀದಿಯ ಗುಂಡಿಗಳ ಮೇಲೆ ಕಾರು ತೊಟ್ಟಿಲಿನಂತೆ ತೂಗಿ ದಾಟಿತು. ಎಷ್ಟೋ ತಿಂಗಳ ಮೇಲೆ ಅವತ್ತು ಹೊಟ್ಟೆ ತುಂಬ ಉಂಡೆ.

ಮರುವಾರ ಆಸ್ಪತ್ರೆಗೆ ಹೊರಟೆವು. ರಸ್ತೆ ಅದೇ, ಗುಂಡಿಗಳೂ ಅವೇ. ಕಾರಿಗೆ ಮಾತ್ರ ಅವು ತಿಳಿಯಲೇ ಇಲ್ಲ. ಹೆಮ್ಮೆಯಿಂದ ಕನ್ನಡಿ ನೋಡಿದೆ. ವನಮಾಲೆಯ ಕೈ ಹಿಡಿಕೆಯ ಮೇಲೆಯೇ ಇತ್ತು. ನರಗಳು ಮೊದಲಿನ ಹಾಗೆಯೇ ಎದ್ದಿದ್ದವು.

ಹೊಳೆಯ ಸೇತುವೆಗೆ ಮುಂಚೆ ಕಾರನ್ನು ಪಕ್ಕಕ್ಕೆ ಹಾಕಿ ನಿಲ್ಲಿಸಿದೆ. "ಇನ್ನೂ ನೋಯ್ತಾ ಇದೆಯಾ? ಹಾಗಿದ್ರೆ ಮುಂದಿನ ಸ್ಪ್ರಿಂಗೂ ಬದಲಾಯಿಸೋಣ. ಇಮಾಮ್‌ಗೆ ಹೇಳ್ತೀನಿ. ಸೀಟಿಗೂ ಬೇರೆ..."

"ನೋವಲ್ಲ ರೀ," ಎಂದಳು.

"ಮತ್ತೆ?"

ಅವಳು ಕಿಟಕಿಯಾಚೆ ನೋಡಿದಳು. ಹೇಳಲೋ ಬೇಡವೋ ಎಂದು ತೂಗುತ್ತಿದ್ದಳು. "ಹೆದರಿಕೆ. ನೀವು ರಸ್ತೆ ನೋಡೋದೇ ಇಲ್ಲ. ದಾರಿಯುದ್ದಕ್ಕೂ ಕನ್ನಡೀಲಿ ನನ್ನೇ ನೋಡ್ತಾ ಓಡಿಸ್ತೀರಿ. ಹೋದ ತಿಂಗಳು ಹಾಲಿನ ಗಾಡಿ ಎಷ್ಟು ಹತ್ತಿರ ಬಂದಿತ್ತು ಗೊತ್ತಾ? ನೀವು ಕಣ್ಣು ತಿರುಗಿಸೋ ಹೊತ್ತಿಗೆ ಅವನೇ ತಪ್ಪಿಸಿಕೊಂಡು ಹೋಗಿದ್ದ."

ಹಾಲಿನ ಗಾಡಿಯ ನೆನಪೇ ನನಗಿರಲಿಲ್ಲ.

"ಮೊದಲೇ ಯಾಕೆ ಹೇಳಲಿಲ್ಲ?"

"ಹೇಗೆ ಹೇಳಲಿ? ಊಟ ನಿದ್ದೆ ಬಿಟ್ಟು ಗುಜರಿ ಅಲೀತಿದ್ರಿ." ಬೆನ್ನ ಹಿಂದಿನ ದಿಂಬನ್ನು ಎಳೆದುಕೊಳ್ಳುತ್ತ, "ಡಾಕ್ಟರು ಓಡಿಸಬಹುದು ಅಂದಿದ್ದಾರೆ. ಹೋದ ಸಲಾನೇ ಅಂದ್ರು. ನೀವು ಆಚೆ ಕಾರಿನ ಕೆಳಗೆ ಬಗ್ಗಿ ನೋಡ್ತಾ ಇದ್ರಿ" ಎಂದಳು.

ಬಾಗಿಲು ತೆಗೆದು ನಿಧಾನವಾಗಿ ಇಳಿದಳು. ನಾನೂ ಇಳಿದು, ಹಿಡಿಯಲು ಹೋದ ಕೈಯನ್ನು ಹಾಗೆಯೇ ಹಿಂದಕ್ಕೆ ತೆಗೆದುಕೊಂಡೆ. ದಿಂಬನ್ನು ತಾನೇ ಮುಂದಿನ ಸೀಟಿಗೆ ಹಾಕಿಕೊಂಡು ಸ್ಟೀರಿಂಗಿನ ಎದುರು ಕುಳಿತಳು. ಗೇರು ಬೀಳುವಾಗ ಒಮ್ಮೆ ಹಲ್ಲು ಕಚ್ಚಿದಳು, ಅಷ್ಟೆ. ಪಕ್ಕದಲ್ಲಿ ಕುಳಿತ ನನ್ನ ಕಾಲು ಇಲ್ಲದ ಬ್ರೇಕನ್ನು ಒತ್ತುತ್ತಲೇ ಇತ್ತು. ನನ್ನ ಕೈ ಯಾವಾಗ ಹಿಡಿಕೆಗೆ ಹೋಯಿತೋ ತಿಳಿಯಲಿಲ್ಲ.

"ಗಟ್ಟಿಯಾಗಿ ಹಿಡ್ಕೊಳ್ಳಿ," ಎಂದಳು, ರಸ್ತೆಯಿಂದ ಕಣ್ಣು ತೆಗೆಯದೆ.

ಸೇತುವೆ ದಾಟಿದ ಮೇಲೆ ಎಮ್ಮೆಗಳ ಹಿಂಡೊಂದು ಹೊಳೆಯಿಂದ ಎದ್ದು ರಸ್ತೆಗೆ ಬಂದಿತು. ವನಮಾಲೆ ಎಂಜಿನ್ ಆರಿಸಿ ಗಾಜು ಇಳಿಸಿದಳು. ಒದ್ದೆ ಮೈಗಳು ಎರಡೂ ಬದಿಯಿಂದ ಕಾರನ್ನು ಉಜ್ಜಿಕೊಂಡು ಮುಂದೆ ಸಾಗಿದವು. ಅವು ಒರಗಿದಾಗಲೆಲ್ಲ ಕಾರು ಅತ್ತ ಒಂದಿಷ್ಟು, ಇತ್ತ ಒಂದಿಷ್ಟು ಮೆಲ್ಲಗೆ ತೂಗಿತು. ಅವಳು ಸೀಟಿಗೆ ಒರಗಿ ಕಣ್ಣು ಮುಚ್ಚಿದಳು.