ಜಡ್ಜಪ್ಪನವರು ಬಿಡದ ಉಸಿರು

ಉಸಿರಾಟ ಹೇಳಿಕೊಡುವ ಕೆಲಸಕ್ಕೆ ಬಂದವಳಿಗೇ ಉಸಿರೆತ್ತಲು ಭಯ. ಮನೆಯಲ್ಲಿ ಅವಳನ್ನು ಪಿಸುಬಾಯಿ ಎಂದೇ ಕರೆಯುತ್ತಿದ್ದರು. ಫೋನಿನಲ್ಲಿ ಅವಳು ಮಾತಾಡಿದರೆ ಆ ಕಡೆಯವರು ಲೈನು ಕಟ್ಟಾಯಿತೆಂದು ಇಟ್ಟುಬಿಡುತ್ತಿದ್ದರು. ಅಂಥವಳು ಅದು ಹೇಗೋ ಪಿಲಾಟೆಸ್ ಎಂಬ ಉಸಿರಿನ ಕಸರತ್ತು ಕಲಿತು, ಪರೀಕ್ಷೆಯನ್ನೂ ಪಾಸು ಮಾಡಿ, ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಇವತ್ತು ಮೊದಲ ಪಾಠಕ್ಕೆ ನಿಂತಿದ್ದಳು.

ಕ್ಲಾಸಿನ ಯಜಮಾನಿ ಮೊದಲೇ ಎಚ್ಚರಿಸಿದ್ದಳು. "ನೋಡಮ್ಮ, ಹಿಂದಿನ ಟೀಚರ್ ಕ್ಲಾಸಲ್ಲಿ ಜಡ್ಜಪ್ಪ ಉಸಿರು ಕಟ್ಕೊಂಡು ತಲೆ ತಿರುಗಿ ಬಿದ್ರು. ಇವತ್ತು ಒಬ್ರೂ ಉಸಿರು ಕಟ್ಟಬಾರ್ದು. ಕಟ್ಟಿದ್ರೋ, ಆ ಟೀಚರಿಗೆ ಹೇಳಿದ ನಮಸ್ಕಾರನೇ ನಿನಗೂ." ಹೀಗೆಂದು ಗಾಜಿನ ಬಾಗಿಲಿನಾಚೆ ಕುರ್ಚಿ ಎಳೆದುಕೊಂಡು ಕೂತಳು.

ಒಳಗೆ ಏಳೆಂಟು ಮಂದಿ ಚಾಪೆಗಳ ಮೇಲೆ ಮಂಡಿ ಮಡಚಿ ಅಂಗಾತ ಮಲಗಿದ್ದರು. ಮುಂದಿನ ಸಾಲಿನಲ್ಲಿ, ಗೆರೆ ಮೂಡುವಂತೆ ಇಸ್ತ್ರಿ ಮಾಡಿದ ಟ್ರ್ಯಾಕ್ ಪ್ಯಾಂಟಿನಲ್ಲಿ, ನಿವೃತ್ತ ನ್ಯಾಯಾಧೀಶರಾದ ಜಡ್ಜಪ್ಪ. ಅವರ ಎಡಕ್ಕೆ ಪಿಸುಬಾಯಿಯ ಚಿಕ್ಕಮ್ಮ. ಹುಡುಗಿಗೆ ಧೈರ್ಯ ತುಂಬುತ್ತೇನೆಂದು ಬಂದು, ಇದ್ದ ಚೂರುಪಾರು ಧೈರ್ಯವನ್ನೂ ಕಿತ್ತುಕೊಂಡಿದ್ದಳು.

"ಮೂಗಿಂದ ಉಸಿರೆಳ್ಕೊಳ್ಳಿ," ಎಂದಳು ಪಿಸುಬಾಯಿ. "ಹೊಟ್ಟೆ ಉಬ್ಬಿಸ್ಬೇಡಿ. ಛತ್ರಿ ಬಿಚ್ಚಿದ ಹಾಗೆ ಪಕ್ಕೆಲುಬು ಅಗಲ ಆಗ್ಲಿ. ಈಗ ಬಿಸಿ ಹಾಲು ಊದೋ ಹಾಗೆ ಬಾಯಿಂದ ಬಿಡ್ತಾ, ಹೊಕ್ಕುಳು ಒಳಗೆಳೆದು, ತಲೆ ಎತ್ತಿ."

"ಏನಂತೆ?" ಹಿಂದಿನ ಸಾಲು ಕೇಳಿತು.

"ಕತ್ತು ಎತ್ಬೇಕಂತೆ! ಜೋರಾಗಿ ಹೇಳೇ, ನಿನ್ನ ಗಂಟಲಿಗೆ ಬಾಡಿಗೆ ಕಟ್ಬೇಕಾ?" ಎಂದಳು ಚಿಕ್ಕಮ್ಮ.

ಎಳೆದುಕೊಳ್ಳುವುದೇನೋ ಎಲ್ಲರೂ ಎಳೆದುಕೊಂಡರು. ಬಿಡುವವರು ಯಾರೂ ಇಲ್ಲ. ಪುಕ್ಕಟೆ ಸಿಕ್ಕಿದ್ದನ್ನು ಯಾರು ತಾನೆ ಬಿಡುತ್ತಾರೆ? ತಲೆಗಳು ಎದ್ದವು, ಕತ್ತಿನ ನರಗಳು ಹಗ್ಗವಾದವು. ಜಡ್ಜಪ್ಪನವರ ಮುಖ ಮೊದಲು ಟೊಮ್ಯಾಟೊ ಆಯಿತು, ಆಮೇಲೆ ಬದನೆಕಾಯಿ. ಗಾಜಿನಾಚೆ ಯಜಮಾನಿ ಎದ್ದು ನಿಂತಳು.

ಪಿಸುಬಾಯಿ ಓಡಿಹೋಗಿ ಜಡ್ಜಪ್ಪನವರ ಬಲಕ್ಕೆ ಮಂಡಿಯೂರಿದಳು. "ಬಿಡಿ ಸರ್."

ಅವರು ಕಣ್ಣಿನಲ್ಲೇ ಆಗದು ಎಂದರು. ಆ ಕಣ್ಣಿನಲ್ಲಿದ್ದದ್ದು ಹಟವಲ್ಲ, ದಿಗಿಲು ಎಂದು ಅವಳಿಗೆ ತಟ್ಟನೆ ತಿಳಿಯಿತು. ಹೊಕ್ಕುಳನ್ನು ಬೆನ್ನಿಗೆಳೆದು ಉಸಿರು ಬಿಟ್ಟರೆ ಬಾಯಿಯ ಗಾಳಿಯೊಂದೇ ಹೊರಡುತ್ತದೆಂದು ಏನು ಖಾತ್ರಿ? ಆ ವಯಸ್ಸಿನ ಹೊಟ್ಟೆ, ಕೂಗಿ ಕರೆದ ಸಾಕ್ಷಿಯ ಜೊತೆಗೆ ಕರೆಯದ ಸಾಕ್ಷಿಯನ್ನೂ ಕಟಕಟೆಗೆ ಕಳಿಸಿಬಿಟ್ಟೀತು.

"ಬಿಡಿ ಸರ್, ಏನೂ ಆಗಲ್ಲ," ಎಂದು ಪಿಸುಗುಟ್ಟಿದಳು.

ಜಡ್ಜಪ್ಪ ನಂಬಿದರು. ಬಿಟ್ಟರು. ಬಾಯಿ 'ಹೂ' ಎಂದಿತು. ಅದರ ಬೆನ್ನಿಗೇ ಇನ್ನೊಂದು ತುದಿಯಿಂದ, ಹಳೆಯ ಬೆಡ್‌ಶೀಟು ಹರಿದಂಥ ಉದ್ದನೆಯ ಸದ್ದು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಮೂರನೆಯದೂ ಒಂದಿದೆ, ಹಿರಿಯರು ನಾಚಿಕೊಂಡು ಗಾದೆಗೆ ಸೇರಿಸಿಲ್ಲ ಅಷ್ಟೆ.

ಎಲ್ಲರೂ ಮತ್ತೆ ಉಸಿರು ಕಟ್ಟಿದರು. ಈ ಸಲ ಕಾರಣವಿತ್ತು.

"ಅಯ್ಯಯ್ಯೋ, ಯಾರಪ್ಪಾ ಹೂಸು ಬಿಟ್ಟೋರು?" ಚಿಕ್ಕಮ್ಮ ಮೊಣಕೈಯೂರಿ ಎದ್ದು ವಿಚಾರಣೆಗಿಳಿದಳು. "ನನ್ನ ಬಲಗಡೆಯಿಂದ್ಲೇ ಬಂತು!"

ಜಡ್ಜಪ್ಪ ಸೂರನ್ನೇ ನೋಡುತ್ತಿದ್ದರು. ಊರಿಗೆಲ್ಲ ಶಿಕ್ಷೆ ಬರೆದ ಮುಖ ಈಗ ತನ್ನ ಶಿಕ್ಷೆಗೆ ಕಾದಿತ್ತು. ಅವರು ಎದ್ದು ಹೋದರೆ ಮತ್ತೆ ಈ ಮೆಟ್ಟಿಲು ಹತ್ತುವವರಲ್ಲ, ಅವರ ಹಿಂದೆಯೇ ಪಿಸುಬಾಯಿಯ ಕೆಲಸವೂ ಮೆಟ್ಟಿಲಿಳಿಯುತ್ತದೆ. ಆದರೆ ಅವಳನ್ನು ಚುಚ್ಚಿದ್ದು ಅದಲ್ಲ. ಏನೂ ಆಗಲ್ಲ ಎಂದವಳು ತಾನೇ ಅಲ್ಲವೆ?

"ನಾನು," ಎಂದಳು. ಯಾರಿಗೂ ಕೇಳಲಿಲ್ಲ. ಪಕ್ಕೆಲುಬು ಅಗಲಿಸಿ ಉಸಿರೆಳೆದುಕೊಂಡಳು, ಹೊಕ್ಕುಳನ್ನು ಬೆನ್ನಿಗೊತ್ತಿದಳು. "ನಾನು ಚಿಕ್ಕಮ್ಮಾ! ನಾನೇ ಬಿಟ್ಟಿದ್ದು!"

ಬಾಗಿಲಿನ ಗಾಜು ಅದುರಿತು. ಕೆಳಗೆ ಔಷಧಿ ಕೊಳ್ಳುತ್ತಿದ್ದವರೂ ಮೇಲೆ ನೋಡಿರಬೇಕು.

"ಥೂ ನಿನ್ನ! ಮನೇಲಿ ಕೆಮ್ಮೋಕೂ ನಾಚ್ಕೊಳ್ಳೋಳು, ಇಲ್ಲಿ ಬಂದು ಇದನ್ನ ಡಂಗುರ ಸಾರ್ತೀಯಲ್ಲೇ!"

"ಸುಳ್ಳು ಸಾಕ್ಷಿ," ಎಂದಿತು ಚಾಪೆಯಿಂದೊಂದು ಗಂಭೀರ ದನಿ. "ಸುಳ್ಳು ಸಾಕ್ಷಿ ಹೇಳೋದು ಅಪರಾಧ ಕಣಮ್ಮ. ಅದು ನನ್ನದು. ಪೂರ್ತಿ ನನ್ನದೇ. ಯಾರಿಗೂ ಪಾಲಿಲ್ಲ."

ಹಿಂದಿನ ಸಾಲು ಮೊದಲು ಕಿಸಕ್ಕೆಂದಿತು. ಆಮೇಲೆ ಇಡೀ ಕೋಣೆ ಹೊಟ್ಟೆ ಹಿಡಿದುಕೊಂಡು ಉರುಳಾಡಿತು, ಜಡ್ಜಪ್ಪನವರೂ ಸೇರಿ. ಬಿಚ್ಚಿದ್ದ ಪಕ್ಕೆಲುಬುಗಳೆಲ್ಲ ಮಡಚಿಕೊಂಡವು, ಹೊಟ್ಟೆಗಳು ತಾವಾಗಿಯೇ ಬೆನ್ನಿಗಂಟಿದವು.

"ನಿಲ್ಲಿಸ್ಬೇಡಿ!" ಪಿಸುಬಾಯಿ ಕೂಗಿದಳು. "ಇದೇ ಉಸಿರು ಬಿಡೋದು! ನಗ್ತಾನೇ ತಲೆ ಎತ್ತಿ!"

ತಲೆಗಳು ಎದ್ದವು. ಒಂದು ಮುಖವೂ ಕೆಂಪೇರಿ ಕಪ್ಪಾಗಲಿಲ್ಲ.

ಯಜಮಾನಿ ಬಾಗಿಲು ತಳ್ಳಿಕೊಂಡು ನುಗ್ಗಿದಳು. "ಏನ್ರೀ ಇದು, ಕ್ಲಾಸಾ ಇಲ್ಲಾ..." ಎಂದವಳು ಅಲ್ಲಿಗೇ ನಿಂತು ಬಾಯಿ ಮೂಗು ಎರಡೂ ಮುಚ್ಚಿಕೊಂಡಳು.

"ಮೇಡಂ," ಎಂದರು ಜಡ್ಜಪ್ಪ ಮಲಗಿದಲ್ಲಿಂದಲೇ, ಕಣ್ಣೊರೆಸಿಕೊಳ್ಳುತ್ತ, "ನಾಳೆನೂ ಈ ಹುಡುಗೀನೇ ಪಾಠ ಮಾಡೋದು ತಾನೆ?"

ಬಾಯಿ ತೆರೆಯುವ ಧೈರ್ಯ ಸಾಲದೆ ಯಜಮಾನಿ ಹೌದೆಂದು ಜೋರಾಗಿ ತಲೆಯಾಡಿಸಿದಳು. ಅವಳ ಮುಖ ಆಗಲೇ ಟೊಮ್ಯಾಟೊ ದಾಟಿತ್ತು.

"ಉಸಿರು ಬಿಡಿ ಮೇಡಂ," ಎಂದಳು ಪಿಸುಬಾಯಿ, ಕೊನೆಯ ಸಾಲಿಗೂ ಕೇಳುವ ಹಾಗೆ.