ಯಂತ್ರ ಬಿಳಿ ಎಂದದ್ದು

ಕಿರಿಮಂಜೇಶ್ವರದ ಹತ್ತಿರ ಪ್ರೇಮಾನಂದ ಶೆಟ್ಟರ ಗೇರುಬೀಜದ ಕಾರ್ಖಾನೆಯಲ್ಲಿ ಕೊನೆಯ ಮೇಜು ಉಮಾವತಿಯದು. ಬೇಯಿಸಿ, ಒಡೆದು, ಒಣಗಿಸಿ, ಸಿಪ್ಪೆ ತೆಗೆದ ಬೀಜ ಎಲ್ಲರ ಕೈ ದಾಟಿ ಅವಳೆದುರು ಬಂದು ಬೀಳಬೇಕು. ಅವಳು ಹೂಂ ಅಂದರೆ ಮಾತ್ರ ಡಬ್ಬಕ್ಕೆ. ಬಿಳಿ ಬೀಜಗಳ ರಾಶಿಯಲ್ಲಿ ಕಾವು ಹೆಚ್ಚಾಗಿ ತುಸುವೇ ಹಳದಿಗೆ ತಿರುಗಿದ್ದು ಒಂದಿದ್ದರೂ ಅವಳ ಬೆರಳು ನೆಟ್ಟಗೆ ಅಲ್ಲಿಗೇ ಹೋಗುತ್ತಿತ್ತು. ಊರಿನಲ್ಲಿ ಯಾರಿಗಾದರೂ ಸೀರೆಗೆ ಒಪ್ಪುವ ರವಿಕೆ ಬಟ್ಟೆ ಬೇಕಾದರೆ ಕುಂದಾಪುರದ ಪೇಟೆಗೆ ಉಮಾವತಿಯನ್ನೇ ಕರೆದುಕೊಂಡು ಹೋಗುತ್ತಿದ್ದರು. ಅವಳಿಗೆ ಆ ಬಗ್ಗೆ ಸಣ್ಣ ಜಂಬವೂ ಇತ್ತು. ಇರಬೇಕಾದದ್ದೇ ಬಿಡಿ.

ಶೆಟ್ಟರ ಮಗ ಸುಶಾಂತನಿಗೂ ಜಂಬವಿತ್ತು. ಅದು ಸಣ್ಣದಲ್ಲ. ಇಂಜಿನಿಯರಿಂಗ್ ಮುಗಿಸಿ ಅಪ್ಪನ ಕಾರ್ಖಾನೆಗೆ ಇಳಿದಿದ್ದ ಈ ಹುಡುಗನಿಗೆ ಮನೆಯಲ್ಲೊಂದು ಹವ್ಯಾಸ. ತಾನು ಗೇಮ್ ಆಡುವ ಕಂಪ್ಯೂಟರಿನ ಪ್ರೊಸೆಸರನ್ನು, ಅದನ್ನು ತಯಾರಿಸಿದವರು ಹೇಳಿದ್ದಕ್ಕಿಂತ ಜೋರಾಗಿ ಓಡಿಸುವುದು. ಓವರ್‌ಕ್ಲಾಕಿಂಗ್ ಎನ್ನುತ್ತಾರೆ. ಅದರಿಂದ ಆಟ ಎಷ್ಟು ಚಂದವಾಯಿತೋ ಗೊತ್ತಿಲ್ಲ, ಗೆಳೆಯರ ಎದುರು ಹೇಳಿಕೊಳ್ಳುವುದಕ್ಕಂತೂ ಆಯಿತು.

ಕಾರ್ಖಾನೆಗೆ ಬಣ್ಣ ನೋಡಿ ಬೀಜ ಆರಿಸುವ ಯಂತ್ರ ಬಂದದ್ದು ಅವನ ಒತ್ತಾಯದಿಂದಲೇ. ಬೀಜ ಜಾರಿ ಬೀಳುವಾಗ ಕ್ಯಾಮೆರಾ ಒಂದೊಂದನ್ನೂ ನೋಡುತ್ತದೆ. ಒಳಗಿನ ಕಂಪ್ಯೂಟರು ಬಿಳಿಯೋ ಅಲ್ಲವೋ ಎಂದು ತೀರ್ಮಾನಿಸುತ್ತದೆ. ಅಲ್ಲದ್ದನ್ನು ಗಾಳಿ ಊದಿ ಆಚೆ ತಳ್ಳುತ್ತದೆ. ಉಳಿದದ್ದು ಉಮಾವತಿಯ ಮೇಜಿಗೆ ಬರುತ್ತದೆ, ಅವಳು ಮತ್ತೊಮ್ಮೆ ನೋಡುತ್ತಾಳೆ. ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ಆದರೆ ದೀಪಾವಳಿಯ ಬೇಡಿಕೆ ಶುರುವಾದಾಗ ಯಂತ್ರದ ನಡಿಗೆ ಸುಶಾಂತನಿಗೆ ಬಸುರಿಯ ನಡಿಗೆಯಂತೆ ಕಂಡಿತು. ಬೀಜ ಹೆಚ್ಚು ಸುರಿದರೆ ಕಂಪ್ಯೂಟರು ತಬ್ಬಿಬ್ಬಾಗಿ ನಿಂತುಬಿಡುತ್ತಿತ್ತು. ಕಂಪನಿಯವರಿಗೆ ಫೋನ್ ಮಾಡಿದರೆ, ಅದರ ವೇಗ ಅಷ್ಟೇ, ಮುಟ್ಟಬೇಡಿ ಎಂದರು.

ಮುಟ್ಟಬೇಡಿ ಎಂದರೆ ಇವನಿಗೆ ಕೈ ತುರಿಸುತ್ತದೆ. ಯಂತ್ರದ ಹಿಂಬದಿ ಬಿಚ್ಚಿ, ಕೀಲಿಮಣೆ ಸಿಕ್ಕಿಸಿ, ಮದರ್‌ಬೋರ್ಡಿನ ಸೆಟ್ಟಿಂಗ್ ತೆರೆದ. ಪ್ರೊಸೆಸರಿನ ವೇಗದ ಸಾಲುಗಳೆಲ್ಲ ಮಸುಕು ಅಕ್ಷರದಲ್ಲಿ, ಒತ್ತಿದರೂ ಕದಲದಂತೆ ಬೀಗ ಹಾಕಿಕೊಂಡಿದ್ದವು. ಎದುರಿನ ಬಾಗಿಲು ಮುಚ್ಚಿದ್ದರೆ ಹಿತ್ತಲ ಬಾಗಿಲು. ಮನೆಯಿಂದ ತಂದ ಒಂದು ಪುಟ್ಟ ಸಾಫ್ಟ್‌ವೇರಿನಿಂದ ಬೋರ್ಡಿನ ಮೂಲ ತಾಳವನ್ನೇ, ಅದರ ಬೇಸ್ ಕ್ಲಾಕನ್ನೇ, ಏರಿಸಿಬಿಟ್ಟ. ಹಾಗೆ ಮಾಡಿದರೆ ಪ್ರೊಸೆಸರು ಮಾತ್ರವಲ್ಲ, ಅದೇ ತಾಳಕ್ಕೆ ಕುಣಿಯುವ ಉಳಿದದ್ದೂ, ಕ್ಯಾಮೆರಾದ ಚಿತ್ರ ತರುವ ಕಾರ್ಡೂ ಸೇರಿ, ಏದುಸಿರು ಬಿಟ್ಟು ಓಡಬೇಕಾಗುತ್ತದೆ. ಇದು ಅವನಿಗೆ ಗೊತ್ತಿಲ್ಲದ ವಿಷಯವಲ್ಲ. ಆದರೆ ಯಂತ್ರ ನಿಲ್ಲಲಿಲ್ಲ, ಬಿಸಿಯಾಗಲಿಲ್ಲ, ಬೀಜ ಮಳೆಯಂತೆ ಸುರಿಯಿತು. ಅಷ್ಟು ಸಾಕಾಯಿತು.

ಈಗ ಉಮಾವತಿಯ ಮೇಜು ಹಿಂದೆ ಬಿತ್ತು. ಸುಶಾಂತ ಬಂದು ಹೇಳಿದ: "ಉಮಕ್ಕ, ಮಿಷಿನ್ ಪಾಸ್ ಮಾಡಿದ್ದನ್ನ್ ಮತ್ತೆ ಆರ್ಸೂದ್ ಬೇಡ. ಚೂರ್ ಗೀರ್ ಇದ್ರೆ ತೆಗ್ದ್ ಬಿಟ್ಟ್ ಬಿಡಿ, ಸಾಕ್."

ಅವಳು ಒಂದು ಬೀಜ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. "ಇದ್ ಹಳ್ದಿ ಆಯ್ತಲ್ದಾ ಸುಶಾಂತಣ್ಣ? ಇಂತದ್ದ್ ಸುಮಾರ್ ಬತ್ತಾ ಇತ್ತ್."

ಅವನು ಬೀಜವನ್ನು ನೋಡಲಿಲ್ಲ. ಯಂತ್ರದ ಪರದೆಯ ಕಡೆ ಕೈ ತೋರಿಸಿದ. "ಅದ್ ಬೆಳಿ ಅಂದಿತ್ತ್ ಕಾಣಿ. ಮಿಷಿನ್ ಕಣ್ಣ್ ತಪ್ಪುದಿಲ್ಲ. ನೀವೊಂದ್ ಕನ್ನಡ್ಕ ಮಾಡ್ಸ್ಕಣಿ."

ಮೇಜಿನ ಸುತ್ತ ಕೂತ ಹೆಂಗಸರು ನಕ್ಕರು. ಉಮಾವತಿಯ ಪಕ್ಕದಲ್ಲೇ ಕೂರುವ ಅವಳ ಮಗಳು ಅನಿಷಾ ಸಹ ನಕ್ಕಳು. ಉಮಾವತಿಯೂ ನಕ್ಕು ಬೀಜವನ್ನು ಬಿಳಿಯ ರಾಶಿಗೇ ಹಾಕಿದಳು.

ಹಬ್ಬಕ್ಕೆ ಮುಂಚೆಯೇ ಸರಕು ವಾಪಸು ಬಂತು. ಮುಂಬಯಿಯ ವ್ಯಾಪಾರಿ ಮಾತಾಡಿದ ರೀತಿ ಶೆಟ್ಟರನ್ನು ಚುಚ್ಚಿರಬೇಕು, ಅವರು ಒಂದು ಡಬ್ಬ ಎತ್ತಿ ತಂದು ಉಮಾವತಿಯ ಮೇಜಿನ ಮೇಲೆಯೇ ಸುರಿದರು. ಬಿಳಿಯ ನಡುವೆ ಹಳದಿ, ಕಂದು, ಅಲ್ಲಲ್ಲಿ ಕರಿಕಲೆಯದು. ಕುರುಡನಿಗೂ ಕಾಣುವಷ್ಟು.

"ಇಷ್ಟ್ ವರ್ಷ ನಿನ್ನ್ ಮೇಜಿಂದ ಹೋದ ಡಬ್ಬ ಒಂದೂ ತಿರ್ಗಿ ಬಂದದ್ದಿಲ್ಲ. ಈಗ ಎಂತ ಆಯ್ತ್ ನಿಂಗೆ?" ಇಡೀ ಕಾರ್ಖಾನೆಗೆ ಕೇಳುವ ಸ್ವರ ಅದು. ಆಚೆ ಸಿಪ್ಪೆ ತೆಗೆಯುವವರ ಕೈಗಳೂ ನಿಂತವು.

ಉಮಾವತಿ ಬೀಜಗಳನ್ನು ಬೆರಳಿನಿಂದ ಸರಿಸಿ ನೋಡಿದಳು. ಯಂತ್ರದ ಮೇಲೆ ದೂರು ಹೇಳಬಹುದಿತ್ತು, ಸುಶಾಂತನ ಮಾತು ನೆನಪಿಸಬಹುದಿತ್ತು. ಅವಳು ಹೇಳಿದ್ದು ಬೇರೆಯೇ. "ಕಣ್ಣ್ ಹೋಯ್ತ್ ಕಾಣತ್ತ್ ಶೆಟ್ರೆ. ಬೆಳಿದ್ದೇ ನಂಗ್ ಹಳ್ದಿ ಕಂಡಿತ್ತ್. ಹಾಂಗಾರೆ ಹಳ್ದಿದ್ದ್ ಬೆಳಿ ಕಂಡಿರ್ಕ್."

ಸುಶಾಂತ ಅಲ್ಲೇ ನಿಂತಿದ್ದ. ಬಾಯಿಗೆ ಬಂದ ಮಾತನ್ನು ನುಂಗಿಕೊಂಡ. ಇನ್ನೂ ಖಾತ್ರಿಯಿಲ್ಲವಲ್ಲ ಎಂದು ತನಗೇ ಒಂದು ನೆಪ ಹೇಳಿಕೊಂಡ.

ಊಟದ ಹೊತ್ತಿಗೆ ಹೆಂಗಸರು ಹೊರಗೆ ಹೋದಾಗ ಬೋರ್ಡಿನ ತಾಳವನ್ನು ಮೊದಲಿನಂತೆ ಇಳಿಸಿ, ವಾಪಸು ಬಂದ ಬೀಜವನ್ನೇ ಯಂತ್ರಕ್ಕೆ ಹಾಕಿದ. ಅದು ಹಳದಿಯದನ್ನೆಲ್ಲ ಒಂದೂ ಬಿಡದೆ ಆಚೆ ಊದಿತು. ಅವನ ಮುಖ ಬಿಸಿಯಾಯಿತು. ನಿಂತುಹೋಗುವ ಯಂತ್ರ ಕೆಟ್ಟಿದೆಯೆಂದು ಯಾರಾದರೂ ನೋಡಿ ಗುರುತಿಸಬಹುದು. ಇದು ನಿಲ್ಲದೆ, ಸದ್ದಿಲ್ಲದೆ, ಧೈರ್ಯವಾಗಿ ಸುಳ್ಳು ಹೇಳಿಕೊಂಡು ಕೂತಿತ್ತು. ಯಂತ್ರದ ಹಿಂಬದಿ ಮುಚ್ಚಿ ಸ್ಕ್ರೂ ಬಿಗಿದ. ಯಾರೂ ನೋಡಲಿಲ್ಲವೆಂದು ಸಮಾಧಾನವಾಯಿತು, ಆ ಸಮಾಧಾನಕ್ಕೇ ನಾಚಿಕೆಯೂ ಆಯಿತು. ಆದರೂ ಹೊರಗೆ ಬಂದು ಏನೂ ಹೇಳಲಿಲ್ಲ.

ಮರುದಿನ ಉಮಾವತಿ ಬರಲಿಲ್ಲ. ಕಣ್ಣು ತೋರಿಸಲು ಕುಂದಾಪುರಕ್ಕೆ ಹೋಗಲು ಬಸ್ಸಿಗೆ ಕಾಯುತ್ತಿದ್ದಾಳೆ ಎಂದು ಗೊತ್ತಾದದ್ದೇ ಸುಶಾಂತ ಕಾರು ತೆಗೆದ. ತಪ್ಪು ಒಪ್ಪಿಕೊಳ್ಳುವುದಕ್ಕಿಂತ ಕಾರಿನಲ್ಲಿ ಕರೆದುಕೊಂಡು ಹೋಗುವುದು ಸುಲಭ. ಹೆದ್ದಾರಿಯುದ್ದಕ್ಕೂ ತಾಯಿ ಮಗಳು ಹಿಂದಿನ ಸೀಟಿನ ತುದಿಯಲ್ಲಿ ಮುದುರಿಕೊಂಡು ಕೂತಿದ್ದರು. "ನಿಮ್ಗೆ ಸುಮ್ನೆ ತೊಂದ್ರೆ," ಎಂದು ಉಮಾವತಿ ಮತ್ತೆ ಮತ್ತೆ ಹೇಳುತ್ತಿದ್ದಳು. ಪ್ರತಿ ಸಲವೂ ಅವನಿಗೆ ಕೆನ್ನೆಗೆ ಬಾರಿಸಿದಂತೆ ಆಗುತ್ತಿತ್ತು.

ಡಾಕ್ಟರು ಅಕ್ಷರ ಓದಿಸಿದರು, ಬಣ್ಣದ ಚುಕ್ಕಿಗಳ ಹಾಳೆ ತೋರಿಸಿದರು, ಹನಿ ಬಿಟ್ಟು ಒಳಗೂ ನೋಡಿದರು. ಈ ವಯಸ್ಸಿಗೆ ಇಷ್ಟು ಒಳ್ಳೆಯ ಕಣ್ಣು ಅಪರೂಪ ಎಂದರು. ಅನಿಷಾ ನಿಟ್ಟುಸಿರು ಬಿಟ್ಟಳು. ಉಮಾವತಿಯ ಮುಖ ಇನ್ನೂ ಇಳಿಯಿತು.

"ನೀವ್ ಒಟ್ಟಿಗ್ ಬಂದದ್ದಕ್ಕೆ ಡಾಕ್ಟ್ರ್ ಹಾಂಗ್ ಹೇಳಿದ್ದ್," ಎಂದಳು ವಾಪಸು ಬರುವಾಗ. "ಕಣ್ಣಲ್ಲಿ ಇಲ್ದಿದ್ರೆ ತಲೆಯಲ್ಲಿ ಇರ್ಕ್. ಶೆಟ್ರ ಹತ್ರ ಒಂದ್ ಮಾತ್ ಹೇಳಿ ಸುಶಾಂತಣ್ಣ. ನಂಗೆ ಗುಡ್ಸೂ ಕೆಲ್ಸ ಕೊಟ್ರೂ ಸಾಕ್. ಆ ಮೇಜ್ ಬೇಡ, ನಂಗೆ ಹೆದ್ರಿಕೆ ಆತ್ತ್."

ಅವನಿಂದ ಮುಂದೆ ತಡೆಯಲಾಗಲಿಲ್ಲ. ಕಾರನ್ನು ಕಾರ್ಖಾನೆಯ ಅಂಗಳಕ್ಕೇ ತಂದು ನಿಲ್ಲಿಸಿದ. ಅವಳನ್ನು ಒಳಗೆ ಕರೆದುಕೊಂಡು ಹೋಗಿ, ಅಪ್ಪನನ್ನೂ ಕರೆದು, ಅದೇ ಮೇಜಿನ ಪಕ್ಕ ನಿಂತು ಎಲ್ಲವನ್ನೂ ಹೇಳಿದ. ಯಂತ್ರದ ಕಂಪ್ಯೂಟರಿಗೆ ಬೀಗವಿತ್ತು, ನಾನು ಅದನ್ನು ತಪ್ಪಿಸಿ ಮಿತಿ ಮೀರಿ ಓಡಿಸಿದೆ, ಅದರ ಲೆಕ್ಕ ತಪ್ಪಿತು, ಹಳದಿಯದನ್ನು ಬಿಳಿ ಎಂದಿತು, ಉಮಕ್ಕ ತೋರಿಸಿದಾಗ ನಾನು ನೋಡಲೂ ಇಲ್ಲ.

ಶೆಟ್ಟರು ಹತ್ತಿರ ಬಂದು ಮೆಲ್ಲಗೆ, "ಆಫೀಸಿಗ್ ಬಾ, ಒಳ್ಗ್ ಮಾತಾಡುವ," ಎಂದರು.

ಉಮಾವತಿಗೆ ಬೈದದ್ದು ಊರೆಲ್ಲ ಕೇಳುವಂತೆ, ಮಗನಿಗೆ ಬಾಗಿಲು ಹಾಕಿಕೊಂಡು. ಸುಶಾಂತನಿಗೆ ಅದು ಹೊಳೆಯಿತು. ಅಲ್ಲಿದ್ದ ಹೆಂಗಸರಿಗೆಲ್ಲ ಅವನಿಗಿಂತ ಮೊದಲೇ ಹೊಳೆದಿತ್ತು.

"ಇಲ್ಲೇ ಬೈಯಿ ಅಪ್ಪಯ್ಯ," ಎಂದ.

ಶೆಟ್ಟರು ಬೈಯಲಿಲ್ಲ. ಹೆಂಗಸರ ಕಡೆ ನೋಡಲಾರದೆ ಹೊರಗೆ ಹೋದರು.

"ಅವತ್ತ್ ನಾ ತೋರ್ಸಿದ್ದ್ ಹಳ್ದಿಯೇ ಹಾಂಗಾರೆ?" ಉಮಾವತಿ ಕೇಳಿದಳು.

"ಹೌದ್ ಉಮಕ್ಕ. ನೀವ್ ಕಂಡದ್ದೇ ಸಮ. ತಪ್ಪ್ ನಂದ್."

ಅವಳು ತಲೆಯಾಡಿಸಿದಳು. ಸಿಟ್ಟು ಮಾಡಲಿಲ್ಲ, ಅತ್ತುಬಿಡಲೂ ಇಲ್ಲ. ಸೆರಗು ಸಿಕ್ಕಿಸಿಕೊಂಡು ಮೇಜಿಗೆ ಕೂತಳು. ಸುಶಾಂತನಿಗೆ ಎದೆ ಹಗುರವಾಯಿತು. ಹೇಳಿ ಮುಗಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ಅವನು ನಿಜವಾಗಿಯೂ ನಂಬಿದ್ದ.

ಯಂತ್ರ ಹಳೆಯ ನಿಧಾನದಲ್ಲಿ ಓಡತೊಡಗಿತು. ಉಮಾವತಿ ಒಂದು ಬೀಜ ಎತ್ತಿದಳು, ಬೆಳಕಿಗೆ ಹಿಡಿದಳು, ತಿರುಗಿಸಿದಳು. ಆಮೇಲೆ ಮಗಳ ಕಡೆ ಚಾಚಿದಳು. "ಇದ್ ಬೆಳಿ ಅಲ್ದಾ ಹೆಣೆ?"

"ಹೌದಬ್ಬಿ."

ಬಿಳಿಯ ರಾಶಿಗೆ ಹಾಕಿದಳು. ಇನ್ನೊಂದು ಎತ್ತಿ ಮತ್ತೆ ಮಗಳಿಗೆ ತೋರಿಸಿದಳು. ಅದರ ನಂತರದ್ದನ್ನೂ. ಅವಳ ಕೈಯ ಓಟ ಎಲ್ಲರಿಗೂ ಗೊತ್ತಿದ್ದದ್ದೇ. ಈ ಸಲ ಯಾರೂ ನಗಲಿಲ್ಲ.

ಸುಶಾಂತ ಹತ್ತಿರ ಹೋದ. "ಉಮಕ್ಕ, ನಿಮ್ಗ್ ಕಂಡಾಂಗೆ ಹಾಕಿ. ಯಾರ ಹತ್ರವೂ ಕೇಣೂದ್ ಬೇಡ."

ಅವಳು ಕೈಯಲ್ಲಿದ್ದ ಬೀಜವನ್ನು ಅವನಿಗೇ ಚಾಚಿದಳು. ಕೊಂಕು ಇರಲಿಲ್ಲ ಅದರಲ್ಲಿ, ಅವಳಿಗೆ ನಿಜಕ್ಕೂ ತಿಳಿಯಬೇಕಾಗಿತ್ತು. "ಇದ್ ಎಂತ ಕಾಣಿ."

ಅವನು ಬೀಜವನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದ. "ಬೆಳಿ," ಎಂದ.

ಉಮಾವತಿ ಅದನ್ನು ವಾಪಸು ತೆಗೆದುಕೊಂಡು ಅನಿಷಾಳ ಮುಖ ನೋಡಿದಳು. ಅನಿಷಾ ಹೂಂ ಎಂದ ಮೇಲೆಯೇ ರಾಶಿಗೆ ಹಾಕಿದಳು.